ಮುಂದಿನ ಚಕ್ರದ ಕಲ್ಲು

ನಮ್ಮ ಕಾರಿಗೆ ಹ್ಯಾಂಡ್‌ಬ್ರೇಕ್ ಇರಲಿಲ್ಲ. ಇತ್ತು ಅನ್ನುವುದಾದರೆ ಅದು ನಾನೇ.

ಹೀಗೆಂದರೆ ಜನ ನಗುತ್ತಾರೆ. ನಗಲಿ, ಅವರ ಬೆರಳುಗಳು ಅವರ ಹತ್ತಿರವೇ ಇವೆ. ಸೆಕೆಂಡ್‌ಹ್ಯಾಂಡ್‌ನಲ್ಲಿ ಕೊಂಡ ಬಿಳಿ ಕಾರು ಅದು. ಎರಡು ಸೀಟಿನ ನಡುವೆ ಹ್ಯಾಂಡ್‌ಬ್ರೇಕಿನ ಹಿಡಿಯೇನೋ ಇತ್ತು. ಎಳೆದರೆ ಸಲೀಸಾಗಿ ಮೇಲಕ್ಕೆ ಬರುತ್ತಿತ್ತು, ಚಕ್ರ ಮಾತ್ರ ನನಗೂ ಅದಕ್ಕೂ ಏನು ಸಂಬಂಧ ಎನ್ನುವ ಹಾಗೆ ಉರುಳುತ್ತಿತ್ತು. ನನ್ನ ಗಂಡ ಆ ಹಿಡಿಗೆ ಮೊಬೈಲ್ ಚಾರ್ಜರಿನ ವೈರು ಸುತ್ತಿಟ್ಟಿದ್ದರು. ವೈರು ಸುತ್ತಿಡುವುದಕ್ಕೆ ಅದು ಚೆನ್ನಾಗಿ ಒದಗುತ್ತಿತ್ತು, ಅದನ್ನು ಒಪ್ಪಿಕೊಳ್ಳುತ್ತೇನೆ.

ಮಧುಗಿರಿಯಲ್ಲಿ ನಮ್ಮ ಮನೆ ಇರುವುದು ಬೆಟ್ಟದ ಕಡೆಗೆ ಏರುವ ಬೀದಿಯಲ್ಲಿ. ಕೈಜಾರಿದ ಟೊಮೇಟೊ ಕೆಳಗಿನ ಬೀದಿಯವರ ಬಾಗಿಲಿಗೆ ಹೋಗಿ ನಿಲ್ಲುತ್ತದೆ. ಅಂಥ ಇಳಿಜಾರಿನಲ್ಲಿ ಕಾರು ನಿಲ್ಲಬೇಕೆಂದರೆ ಚಕ್ರಕ್ಕೆ ಕಲ್ಲು ಕೊಡಲೇಬೇಕು. ಅದಕ್ಕೊಂದು ಕ್ರಮವಿತ್ತು. ನನ್ನ ಗಂಡ ಬ್ರೇಕ್ ತುಳಿದುಕೊಂಡು ಕೂತಿರುತ್ತಾರೆ. ನಾನು ಇಳಿಯಬೇಕು, ಡಿಕ್ಕಿ ತೆಗೆಯಬೇಕು, ಕಲ್ಲು ಎತ್ತಿಕೊಂಡು ಬಂದು ಮುಂದಿನ ಚಕ್ರಕ್ಕೆ ಒತ್ತರಿಸಿ ಇಟ್ಟು "ಆಯ್ತು" ಅನ್ನಬೇಕು. ಆಮೇಲೆ ಅವರು ಗೇರಿಗೆ ಹಾಕಿ, ಕಾಲು ತೆಗೆದು, ಅಂಗಿ ಸರಿಮಾಡಿಕೊಂಡು ಇಳಿಯುತ್ತಾರೆ. ಹೊರಡುವಾಗ ಇದೇ ತಿರುಗುಮುರುಗು. ಅವರು ಕೂತು ಗಾಡಿ ಸ್ಟಾರ್ಟ್ ಮಾಡಿ ಬ್ರೇಕ್ ತುಳಿದ ಮೇಲೆ ನಾನು ಕಲ್ಲು ತೆಗೆದು ಡಿಕ್ಕಿಗೆ ಹಾಕಿ ಓಡಿ ಬಂದು ಹತ್ತಬೇಕು. ಪುರವರದ ನೆಂಟರ ಮದುವೆಗೆ ರೇಷ್ಮೆ ಸೀರೆ ಉಟ್ಟು ಹೋದಾಗಲೂ ಕಲ್ಲು ಎತ್ತಿದ್ದೇನೆ. ನೆಂಟರ ಮನೆಯವರು ಚಪ್ಪರದಲ್ಲಿ ನಿಂತು ಪನ್ನೀರು ಚಿಮುಕಿಸಲು ಕಾಯುತ್ತಿದ್ದರೆ ನಾನು ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಟೈರಿನ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದೆ.

ಕಲ್ಲೂ ಅಂತಿಂಥದ್ದಲ್ಲ. ಹುಲಿಕುಂಟೆ ಕಡೆಯ ನೆಂಟರ ಹೊಲದ ಬದುವಿನಲ್ಲಿ ನನ್ನ ಗಂಡ ಅದನ್ನು ಕಂಡು ಮೆಚ್ಚಿ ತಂದದ್ದು. ಒಂದು ಮಗ್ಗುಲು ಚಪ್ಪಟೆ, ಇನ್ನೊಂದು ಮಗ್ಗುಲು ಟೈರಿಗೆಂದೇ ಕೆತ್ತಿದ ಹಾಗೆ ಓರೆ. "ಇಂತಾ ಕಲ್ಲು ಉಡುಕುದ್ರೂ ಸಿಗಲ್ಲ ಕಣ್ರೀ" ಎಂದು ಬಂದವರ ಮುಂದೆಲ್ಲ ಹೊಗಳುತ್ತಿದ್ದರು. ನನ್ನನ್ನು ಅಷ್ಟು ಹೊಗಳಿದ್ದು ನೆನಪಿಲ್ಲ.

ನಮ್ಮ ಮನೆಯೊಂದೇ ಹೀಗೆ ಎಂದು ಹೇಳಿದರೆ ತಪ್ಪಾಗುತ್ತದೆ. ಕೊರಟಗೆರೆ ದಾರಿಯಲ್ಲಿ ಯಾವ ಟೀ ಅಂಗಡಿಯ ಮುಂದಾದರೂ ನೋಡಿ, ರಸ್ತೆ ಬದಿಯಲ್ಲಿ ನಾಲ್ಕು ಕಲ್ಲು ಬಿದ್ದಿರುತ್ತವೆ. ಟೆಂಪೊದವನು, ಟ್ರ್ಯಾಕ್ಟರಿನವನು ಚಕ್ರಕ್ಕೆ ಕೊಟ್ಟು, ಟೀ ಕುಡಿದು, ಹಾಗೇ ಬಿಟ್ಟು ಹೋದವು. ಹಿಂದೆ ಬಂದ ಬೈಕಿನವನು ಅದಕ್ಕೆ ಎಡವಿ ಬಿದ್ದರೆ ಎಲ್ಲರೂ ಅವನಿಗೇ ಬುದ್ಧಿ ಹೇಳುತ್ತಾರೆ. ಕಲ್ಲನ್ನು ಮರೆಯದೆ ವಾಪಸು ತರುವ ಮರ್ಯಾದಸ್ಥರು ನಾವು, ಅಷ್ಟೇ ವ್ಯತ್ಯಾಸ.

ಸರಿಮಾಡಿಸಲು ಆಗದ ಕೆಲಸವೂ ಆಗಿರಲಿಲ್ಲ. ಶಿರಾದಲ್ಲಿ ನಮ್ಮ ಗಾಡಿ ನೋಡುತ್ತಿದ್ದ ಮೆಕ್ಯಾನಿಕ್ಕು ಒಳ್ಳೆಯ ಮನುಷ್ಯ. ಒಮ್ಮೆ ಕಾರಿನ ಕೆಳಗಿನಿಂದ ತಲೆ ಹೊರಗೆ ಹಾಕಿ ನನ್ನನ್ನೇ ನೋಡುತ್ತಾ ಹೇಳಿದ್ದ: "ಅಕ್ಕಾ, ಕೇಬಲ್ ಪೂರಾ ಖರಾಬ್ ಆಗೈತೆ. ನೀವು ಚಾ ಕುಡ್ದು ಬರೋದ್ರೊಳಗೆ ಹೊಸ್ದು ಹಾಕ್ಬಿಡ್ತೀನಿ."

ನಾನು ಬಾಯಿ ತೆಗೆಯುವ ಮೊದಲೇ ನನ್ನ ಗಂಡ ಅಂದರು, "ಮುಂದಿನ ಸರ್ವೀಸಿಗೆ ನೋಡಾನ ಬುಡು. ಕಲ್ಲೈತಲ್ಲ."

ನಾನು ಆಗ ಸುಮ್ಮನಿದ್ದೆ. ಆ ಸುಮ್ಮನಿದ್ದದ್ದಕ್ಕೆ ನನ್ನ ಮೇಲೆ ನನಗೇ ಇವತ್ತಿಗೂ ಸಿಟ್ಟಿದೆ.

ನಾನೇನು ಮನೆಯಲ್ಲಿ ಖಾಲಿ ಕೂತವಳಲ್ಲ. ಮುಂದಿನ ಕೋಣೆಯಲ್ಲಿ ಹೊಲಿಗೆ ಮಿಷನ್ ಹಾಕಿಕೊಂಡು ರವಿಕೆ ಹೊಲಿಯುತ್ತಿದ್ದೆ. ಬೀದಿಯ ಅರ್ಧ ಹೆಂಗಸರ ಅಳತೆ ನನ್ನ ತಲೆಯಲ್ಲೇ ಇತ್ತು. ಬಟ್ಟೆಯ ಮೇಲೆ ಕತ್ತರಿ ಇಟ್ಟರೆ ಎರಡನೇ ಸಲ ಅಳೆಯುತ್ತಿರಲಿಲ್ಲ. ಈ ಮನೆಯಲ್ಲಿ ನನ್ನದು ಅಂತ ಇದ್ದದ್ದು ಅದೊಂದೇ, ನನ್ನ ಬಲಗೈ ಕೆಲಸ.

ಆಯುಧಪೂಜೆಯ ದಿನ ಬೆಳಿಗ್ಗೆ ಕಾರು ಮನೆ ಮುಂದೆ, ಮೂತಿ ಕೆಳಗೆ ಮಾಡಿಕೊಂಡು ನಿಂತಿತ್ತು. ಗೇರಿನಲ್ಲಿತ್ತು, ಮುಂದಿನ ಚಕ್ರಕ್ಕೆ ಕಲ್ಲು ಕೊಟ್ಟಿತ್ತು. ಜಗುಲಿಯ ಮೇಲೆ ಮಣೆ ಹಾಕಿ ಆಯುಧಗಳನ್ನೆಲ್ಲ ಸಾಲಾಗಿ ಇಟ್ಟಿದ್ದೆವು. ನನ್ನ ಕತ್ತರಿ, ಟೇಪು, ಅವರ ಕಾಳಿನಂಗಡಿಯ ತಕ್ಕಡಿ, ತೂಕದ ಬಟ್ಟುಗಳು, ಮನೆಯ ಸುತ್ತಿಗೆ, ಸ್ಪ್ಯಾನರು. ಕಾರು ತೊಳೆದು ಮುಗಿಸಿದ ನನ್ನ ಗಂಡನಿಗೆ ಇದ್ದಕ್ಕಿದ್ದ ಹಾಗೆ ಭಕ್ತಿ ಉಕ್ಕಿತು.

"ಲೇ ಇವ್ಳೇ, ಕಲ್ಲೂ ಆಯುಧಾನೇ ಕಣೆ. ವರ್ಷವೆಲ್ಲಾ ದುಡ್ದೈತೆ, ಅದುಕ್ಕೂ ಒಂದು ಪೂಜೆ ಆಗ್ಲಿ" ಅಂದರು.

ಎದುರು ಮನೆಯ ಯಜಮಾನರು ನಕ್ಕರು. ಅವರ ಹೆಂಡತಿ ನಕ್ಕರು. ನಾನೂ ನಕ್ಕೆ. ನನ್ನ ಗಂಡ ತಾವೇ ಬಗ್ಗಿ ಚಕ್ರದ ಮುಂದಿನ ಕಲ್ಲನ್ನು ಎಳೆದು ತೆಗೆದರು. ಗೇರು ಹಿಡಿದಿದ್ದರಿಂದ ಕಾರು ಅಲ್ಲಾಡಲಿಲ್ಲ. ಕಲ್ಲನ್ನು ಬಕೆಟ್ಟಿನ ನೀರಿನಲ್ಲಿ ತೊಳೆದು, ಮೂರು ಪಟ್ಟೆ ವಿಭೂತಿ ಬಳಿದು, ನಡುವೆ ಕುಂಕುಮ ಇಟ್ಟು, ಸೇವಂತಿಗೆ ಏರಿಸಿ, ನನ್ನ ಕತ್ತರಿಯ ಪಕ್ಕ ಇಟ್ಟರು. ಮಂಗಳಾರತಿ ಆಯಿತು. ನಾನು ಆ ಕಲ್ಲಿಗೆ ಕೈಮುಗಿದೆ.

ಆಮೇಲೆ ಬೂದುಗುಂಬಳ ಒಡೆದರು. ನಾಲ್ಕು ಚಕ್ರಕ್ಕೆ ನಾಲ್ಕು ನಿಂಬೆಹಣ್ಣು ಇಡಬೇಕು, ಕಾರು ಅವುಗಳ ಮೇಲೆ ಹತ್ತಿ ಹೋಗಬೇಕು. ನಿಂಬೆಹಣ್ಣು ಇಡುವವಳು ನಾನೇ, ಚಕ್ರದ ಬುಡದ ಕೆಲಸವೆಲ್ಲ ನನ್ನದೇ ಅಲ್ಲವೇ. ಹಿಂದಿನ ಎರಡು ಇಟ್ಟೆ. ಮುಂದೆ ಬಂದು ಎಡಗಡೆಯದು ಇಟ್ಟೆ. ಬಲಗಡೆಯದು ಇಳಿಜಾರಿಗೆ ನಿಲ್ಲದೆ ಉರುಳುತ್ತಿತ್ತು. ಅದನ್ನು ಟೈರಿಗೆ ಒತ್ತಿ ಹಿಡಿದುಕೊಂಡಿದ್ದೆ. ರಾಹುಕಾಲ ಬರುತ್ತದೆ ಎಂದು ನನ್ನ ಗಂಡನಿಗೆ ಅವಸರ. "ಆಯ್ತು" ಎಂದು ನಾನು ಹೇಳಲಿಲ್ಲ. ಹೇಳಿರಲಿಲ್ಲ. ಇದನ್ನು ಎಷ್ಟು ಸಲ ಬೇಕಾದರೂ ಬರೆಯುತ್ತೇನೆ.

ಅವರು ಕೂತು, ಸ್ಟಾರ್ಟ್ ಮಾಡಲು ಕ್ಲಚ್ ತುಳಿದರು. ಗೇರಿನ ಹಿಡಿತ ಬಿಟ್ಟಿತು. ಕಲ್ಲು ಚಕ್ರದ ಮುಂದೆ ಇದ್ದೇ ಇರುತ್ತದೆ ಎಂಬ ಅಷ್ಟು ವರ್ಷಗಳ ಅಭ್ಯಾಸಕ್ಕೆ ಅವರ ಬಲಗಾಲು ಬ್ರೇಕಿನ ಮೇಲೆ ಇರಲಿಲ್ಲ. ಕಲ್ಲು ಜಗುಲಿಯ ಮೇಲೆ ಹೂ ಮುಡಿದುಕೊಂಡು ಕೂತಿತ್ತು.

ನಿಂಬೆಹಣ್ಣು ಒಡೆದ ಸದ್ದು ಮೊದಲು ಕೇಳಿಸಿತು. ನಾನು ಕಿರುಚಿದೆ. ಅವರು ಬ್ರೇಕ್ ಹಾಕಿದರು. ಕಾಲಿನ ಬ್ರೇಕು ಬಹಳ ಚೆನ್ನಾಗಿತ್ತು, ಕಾರು ಅಲ್ಲಿಗೇ ನಿಂತಿತು, ನನ್ನ ಬೆರಳುಗಳ ಮೇಲೆ. ಅವರು ಇಳಿದು ಬರುವಂತಿಲ್ಲ, ಗಾಬರಿಯಲ್ಲಿ ಗೇರನ್ನೂ ತಪ್ಪಿಸಿದ್ದರು, ಕಾಲು ತೆಗೆದರೆ ಮತ್ತೆ ಮುಂದಕ್ಕೆ ಉರುಳುತ್ತದೆ. ಒಳಗೆ ಕೂತು "ಕಲ್ಲು, ಕಲ್ಲು ಕೊಡ್ರೋ!" ಎಂದು ಕೂಗುತ್ತಿದ್ದರು. ಕಲ್ಲು ಕೊಡುವವಳು ಚಕ್ರದ ಕೆಳಗಿದ್ದಳು. ಎದುರು ಮನೆಯವರು, ಬೀದಿಯ ಗಂಡಸರು ಸೇರಿ ಬಾನೆಟ್ಟಿಗೆ ಹೆಗಲು ಕೊಟ್ಟು ಕಾರನ್ನು ಮೇಲಕ್ಕೆ ನೂಕಿದರು.

ತುಮಕೂರಿನ ಆಸ್ಪತ್ರೆಯಲ್ಲಿ ಬಲಗೈಯ ತೋರುಬೆರಳಿನ ತುದಿ ತೆಗೆದರು. ನಡುಬೆರಳು ಉಳಿಯಿತು, ಆದರೆ ಮಡಿಚಲು ಬರುವುದಿಲ್ಲ. ಮನೆಗೆ ಬಂದ ಮೇಲೆ ಒಂದು ಮಧ್ಯಾಹ್ನ ಕತ್ತರಿ ಹಿಡಿದು ನೋಡಿದೆ. ಬಟ್ಟೆ ಕತ್ತರಿಸಲಿಲ್ಲ, ಅಗಿಯಿತು. ಅದು ಯಾರದೋ ಸೀಮಂತಕ್ಕೆಂದು ಕೊಟ್ಟಿದ್ದ ಹಸಿರು ರವಿಕೆ ಬಟ್ಟೆ. ಮಡಿಸಿ ವಾಪಸು ಕೊಟ್ಟೆ. ಅವತ್ತು ಅತ್ತಷ್ಟು ಆಸ್ಪತ್ರೆಯಲ್ಲೂ ಅತ್ತಿರಲಿಲ್ಲ.

ಕೈಗಿಂತ ಹೆಚ್ಚು ಉರಿದದ್ದು ಬೇರೆ. ನೋಡಲು ಬಂದ ನೆಂಟರು ಮೂಸಂಬಿ ಚೀಲ ಕೆಳಗಿಟ್ಟು, "ಹೆಂಗಾಯ್ತು?" ಅಂದರೆ ಉತ್ತರ ಹೇಳುವವರು ನನ್ನ ಗಂಡ.

"ಏನ್ ಹೇಳಾನ, ಕಲ್ಲು ಕೊಡದೆ ಅಂಗೇ ನಿಂಬೆಹಣ್ಣು ಇಕ್ಕಾಕ್ ಹೋದ್ಲು."

ನೆಂಟರು ನನ್ನ ಕಡೆ ತಿರುಗಿ, "ಅಲ್ಲ ಕಣಮ್ಮ, ನೋಡ್ಕಂಡು ಇಡಬಾರ್ದಾ?" ಅನ್ನುವರು. ಎದುರು ಮನೆಯವರು ಎಲ್ಲವನ್ನೂ ಕಣ್ಣಾರೆ ಕಂಡವರು. ಅವರೂ ಕಾಫಿ ಲೋಟ ನೋಡುತ್ತಾ ಕೂತಿರುವರು. "ಕಲ್ಲು ತೆಗ್ದೋನು ನಾನೇ" ಎಂದು ನನ್ನ ಗಂಡ ಒಂದು ಸಲ ಹೇಳಲಿ ಎಂದು ಕಾದೆ. ಬೆರಳು ವಾಪಸು ಬರುತ್ತದೆಂದಲ್ಲ. ಆ ಒಂದು ಮಾತು ನನಗೆ ಬೇಕಾಗಿತ್ತು. ನಾನೇ ಒಮ್ಮೆ ಎಲ್ಲರ ಮುಂದೆ, "ಪೂಜೆಗೆ ಅಂತ ತೆಗ್ದೋರು ನೀವಲ್ವಾ?" ಎಂದೆ. "ಸರಿ ಬುಡು, ಈಗ ಅದ್ನೆಲ್ಲಾ ಎತ್ತಿ ಏನ್ ಮಾಡ್ತೀಯ" ಎಂದು ದೊಡ್ಡ ಮನಸ್ಸಿನವರ ಹಾಗೆ ಅಂದರು. ಕೂತವರಿಗೆ ಅವರು ನನ್ನನ್ನು ಕ್ಷಮಿಸಿದ ಹಾಗೆ ಕಂಡಿರಬೇಕು.

ಹ್ಯಾಂಡ್‌ಬ್ರೇಕ್ ಆಗ ಸರಿಯಾಯಿತು. ಶಿರಾದ ಮೆಕ್ಯಾನಿಕ್ಕು ನನ್ನ ಕೈ ನೋಡಿ, ಕಾರಿನ ಕೆಳಗೆ ತೂರಿ ಹೊಸ ಕೇಬಲ್ ಹಾಕಿದ. ಚಾ ಕುಡಿದು ಬರುವಷ್ಟರಲ್ಲಿ ನಿಜವಾಗಿಯೂ ಮುಗಿದಿತ್ತು.

ಅದಾದರೂ ಉಳಿಯಿತೇ ಎಂದರೆ, ಇಲ್ಲ. ಅಷ್ಟು ವರ್ಷ ಹ್ಯಾಂಡ್‌ಬ್ರೇಕ್ ಇಲ್ಲದೆ ಓಡಿಸಿದವರಿಗೆ ಅದನ್ನು ಎಳೆಯುವುದು ಗೊತ್ತಾಯಿತು, ಇಳಿಸುವುದು ನೆನಪಾಗಲಿಲ್ಲ. ಸಿದ್ದರಬೆಟ್ಟಕ್ಕೆಂದು ಹೊರಟ ಒಂದು ದಿನ ಅದನ್ನು ಎಳೆದುಕೊಂಡೇ ಮೈಲಿಗಟ್ಟಲೆ ಓಡಿಸಿದರು. "ಏನೋ ಸುಟ್ಟ ವಾಸ್ನೆ" ಅಂದೆ. "ಯಾರೋ ಹೊಲದಾಗೆ ಬೆಂಕಿ ಹಾಕವ್ರೆ" ಅಂದರು. ಕೊರಟಗೆರೆ ಹತ್ತಿರ ಹಿಂದಿನ ಚಕ್ರದಲ್ಲಿ ಹೊಗೆ ಕಾಣಿಸಿದ ಮೇಲೆ ನಿಲ್ಲಿಸಿದರು. ಮತ್ತೆ ಶಿರಾ. "ಬ್ರೇಕ್ ಸುಟ್ಟೋಗೈತೆ, ಹೊಸ ಲೈನರ್ ಹಾಕ್ತೀನಿ, ಇಳಿಸೋದು ಮರೀಬೇಡಿ ಅಣ್ಣಾ" ಎಂದ ಮೆಕ್ಯಾನಿಕ್ಕಿಗೆ ಇವರು ಹೇಳಿದ್ದು, "ಈ ಸಾವಾಸನೇ ಬ್ಯಾಡ, ಕೇಬಲ್ ಬಿಚ್ಚಾಕ್ಬುಡು." ಚಾರ್ಜರಿನ ವೈರು ಮತ್ತೆ ಹಿಡಿಗೆ ಸುತ್ತಿಕೊಂಡಿತು.

ನಾನು ಮಾತ್ರ ಇಳಿಯಲಿಲ್ಲ. "ಇಳಿ, ಕಲ್ಲು ಕೊಡು" ಅಂದಾಗ ಕಿಟಕಿಯಾಚೆ ನೋಡುತ್ತಾ ಕೂತೆ. ಹಾಗೆ ನಾಲ್ಕೈದು ಸಲ ಆದ ಮೇಲೆ ಕೇಳುವುದನ್ನು ಬಿಟ್ಟರು. ತಾವು ಇಳಿದು ಕಲ್ಲು ಇಟ್ಟರೇ? ಅದೂ ಇಲ್ಲ. ಎಲ್ಲಿ ಹೋದರೂ ಸಮತಟ್ಟು ಜಾಗ ಹುಡುಕಿ, ಅಲ್ಲಿಂದ ನನ್ನನ್ನು ಅರ್ಧ ಊರು ನಡೆಸುವರು. ಮನೆ ಮುಂದಾದರೆ ಕಾರಿನ ಮೂತಿಯನ್ನು ಚರಂಡಿಯ ಕಲ್ಲುಚಪ್ಪಡಿಗೆ ತಾಗಿಸಿ ನಿಲ್ಲಿಸುವರು. ಬಂಪರು ಒಡೆಯಿತು. ಅದಕ್ಕೂ ಕಾರಣ ನಾನೇ ಆದೆ.

ಹೋದ ವರ್ಷ ಕಾರು ಮಾರಲು ಮೊಬೈಲಿನಲ್ಲಿ ಫೋಟೋ ಹಾಕಿದರು. ಪಾವಗಡ ಕಡೆಯಿಂದ ಗಂಡ ಹೆಂಡತಿ ನೋಡಲು ಬಂದರು. ಹೆಂಡತಿಗೆ ಮೂವತ್ತು ದಾಟಿರಲಿಕ್ಕಿಲ್ಲ. ಕೈತುಂಬ ಗಾಜಿನ ಬಳೆ ತೊಟ್ಟಿದ್ದಳು. ಅವನು ಬಾಗಿಲು ತೆಗೆದು, ಬಾನೆಟ್ ತಟ್ಟಿ, "ಬಂಡಿ ಬಾಗುಂದಿ ಅನ್ನಾ" ಎಂದು ತೆಲುಗಿನಲ್ಲಿ ಗಾಡಿಯನ್ನು ಮೆಚ್ಚಿ, "ಆಕ್ಸಿಡೆಂಟ್ ಗೀಕ್ಸಿಡೆಂಟ್ ಏನೂ ಆಗಿಲ್ಲ ತಾನೆ?" ಅಂದ.

"ಏನೂ ಇಲ್ಲ. ಒಬ್ರಿಗೆ ಒಂದು ಗೀರು ಬಿದ್ದಿಲ್ಲ ಈ ಗಾಡೀಲಿ."

ನಾನು ಕಾಫಿ ತಟ್ಟೆ ಹಿಡಿದುಕೊಂಡು ಬಾಗಿಲಲ್ಲಿ ನಿಂತಿದ್ದೆ. ನನ್ನ ಗಂಡ ನನ್ನ ಕಡೆ ನೋಡಲೂ ಇಲ್ಲ. ನಾಚಿಕೆಯಿಂದಲ್ಲ, ನಿಜವಾಗಿ ಮರೆತುಹೋಗಿತ್ತು ಅಂತ ಅನ್ನಿಸುತ್ತದೆ. ಅದೇ ನನ್ನನ್ನು ಹೆಚ್ಚು ಸುಟ್ಟಿತು.

"ಹ್ಯಾಂಡ್‌ಬ್ರೇಕ್ ಒಂದು ಬಿಚ್ಚಿಸಿದೀನಿ. ಅದೇನು ದೊಡ್ಡದಲ್ಲ, ಒಂದು ಕಲ್ಲು ಕೊಟ್ರೆ ಆಯ್ತು. ಡಿಕ್ಕೀಲೇ ಐತೆ, ಒಳ್ಳೆ ಕಲ್ಲು" ಎಂದು ಸೇರಿಸಿದರು.

ಗಂಡ ಹೆಂಡತಿ ಇಬ್ಬರೂ ಕಾರು ಹತ್ತಿ ಊರೊಳಗೆ ಒಂದು ಸುತ್ತು ಹೋಗಿ ಬಂದರು. ಮನೆ ಮುಂದೆ ಮೂತಿ ಕೆಳಗಾಗಿ ನಿಲ್ಲಿಸಿ ಅವನು ಬ್ರೇಕ್ ತುಳಿದುಕೊಂಡೇ ಹೆಂಡತಿಗೆ, "ದಿಗು, ಆ ರಾಯಿ ಪೆಟ್ಟು" ಅಂದ. ಇಳಿ, ಆ ಕಲ್ಲು ಇಡು ಅನ್ನುವ ಮಾತು ಯಾವ ಭಾಷೆಯಲ್ಲಿ ಹೇಳಿದರೂ ನನಗೆ ತಿಳಿಯುತ್ತದೆ. ಅವಳು ಇಳಿದಳು. ಡಿಕ್ಕಿಯಿಂದ ಕಲ್ಲು ಎತ್ತಿಕೊಂಡು ಬಂದು ಸೆರಗು ಸಿಕ್ಕಿಸಿಕೊಂಡು ಬಲಗಡೆಯ ಮುಂದಿನ ಚಕ್ರಕ್ಕೆ ಬಗ್ಗಿದಳು.

ಕಾಫಿ ತಟ್ಟೆ ಎಲ್ಲಿ ಇಟ್ಟೆನೋ ಗೊತ್ತಿಲ್ಲ. ಓಡಿ ಹೋಗಿ ಅವಳ ರಟ್ಟೆ ಹಿಡಿದು ಎಳೆದೆ. ಕಲ್ಲು ಕೆಳಗೆ ಬಿತ್ತು. ಅವಳು ಗಾಬರಿಯಾಗಿ ನನ್ನ ಮುಖ ನೋಡಿದಳು, ಆಮೇಲೆ ತನ್ನ ರಟ್ಟೆ ಹಿಡಿದಿದ್ದ ನನ್ನ ಕೈ ನೋಡಿದಳು.

"ಇದೇ ಚಕ್ರ ಕಣಮ್ಮ" ಎಂದೆ. ಅವಳು ಕಲ್ಲು ಎತ್ತಿಕೊಳ್ಳಲಿಲ್ಲ. ನನ್ನ ಪಕ್ಕಕ್ಕೆ ಬಂದು ನಿಂತಳು.

ಕಾರಿನೊಳಗಿನವನು ಬ್ರೇಕ್ ತುಳಿದುಕೊಂಡು ಏನಾಯಿತೆಂದು ಕತ್ತು ಚಾಚುತ್ತಿದ್ದ. ನಾನು ನನ್ನ ಗಂಡನ ಕಡೆ ತಿರುಗಿ, "ರೀ, ನೀವೇ ಇಡಿ. ಅಷ್ಟು ಒಳ್ಳೆ ಕಲ್ಲಲ್ವಾ" ಎಂದೆ.

ಹೊರಗಿನವರ ಮುಂದೆ ಅವರಿಗೆ ಬೇರೆ ದಾರಿ ಇರಲಿಲ್ಲ. ಜಗುಲಿ ಇಳಿದು ಬಂದರು. ಅಂಗಡಿಯಲ್ಲಿ ಮೂಟೆ ಹೊತ್ತವರು, ಕಲ್ಲು ಅವರಿಗೆ ಭಾರವಲ್ಲ. ಆದರೂ ಚಕ್ರದ ಮುಂದೆ ಕೂತ ಮೇಲೆ ಮುಂದಕ್ಕೆ ಚಾಚಿದ ಕೈ ಅಲ್ಲೇ ನಿಂತಿತು. ತಲೆಯೆತ್ತಿ, ಗಾಜಿನಾಚೆ ಕೂತವನಿಗೆ ಕೂಗಿ ಹೇಳಿದರು:

"ಅಣ್ಣಾ, ಬ್ರೇಕಿಂದ ಕಾಲು ತೆಗ್ದುಬುಟ್ಟೀಯಾ! ನನ್ ಕೈ ಐತೆ ಇಲ್ಲಿ!"

ಅಂದರೆ ಗೊತ್ತಿತ್ತು. ಚಕ್ರದ ಮುಂದೆ ಒಂದು ಕೈ ಇದ್ದರೆ ಬ್ರೇಕಿನ ಮೇಲೆ ಒಂದು ಕಾಲು ಇರಬೇಕು ಎಂಬುದು ನನ್ನ ಗಂಡನಿಗೆ ಚೆನ್ನಾಗಿಯೇ ಗೊತ್ತಿತ್ತು. ಇಷ್ಟು ವರ್ಷ ನಾನು ಕಾದಿದ್ದ ಮಾತು ಅದಲ್ಲ, ಆದರೆ ಅದನ್ನು ಕೇಳಿದ ಮೇಲೆ ಇನ್ನೊಂದಕ್ಕೆ ಕಾಯಬೇಕು ಅನ್ನಿಸಲಿಲ್ಲ. ಅವರು ಕಲ್ಲು ಇಟ್ಟು, "ಆಯ್ತು" ಅಂದರು. ನಾನು ಆ ಹುಡುಗಿಯನ್ನು ಕರೆದುಕೊಂಡು ಒಳಗೆ ಹೋದೆ.