ಅಪರೂಪವಲ್ಲದ ಗಡ್ಡೆ

ನನ್ನ ತಿಳಿನೀಲಿ ಕುರ್ತಾದ ಎದೆಯ ಎಡಭಾಗದಲ್ಲಿ ಹೆಸರುಕಾಳಿನಷ್ಟು ಕಲೆ. ಒಣಗಿದ ಕಡೆ ಬಟ್ಟೆ ಗಂಜಿ ಹಾಕಿದಂತೆ ಬಿರುಸಾಗಿತ್ತು. ಒಗೆಯಲು ತೆಗೆದುಕೊಂಡ ಅಮ್ಮ ಅದನ್ನು ಬೆರಳಲ್ಲಿ ಉಜ್ಜಿ ನೋಡಿ, ನನ್ನ ಕೋಣೆಗೆ ಬಂದು ಬಾಗಿಲು ಹಾಕಿದಳು.

"ಯಾರೇ ಅವ್ನು?"

ನನಗೆ ಮುಟ್ಟು ನಿಂತಿದ್ದು ಅವಳಿಗೆ ಗೊತ್ತಿತ್ತು. ಈಗ ಎದೆಹಾಲು. ಯಾರೂ ಇಲ್ಲಮ್ಮ ಎಂದೆ.

"ನಾನೂ ಹೆತ್ತವ್ಳು ಕಣೇ. ನಂಗೇ ಹೇಳ್ಕೊಡ್ಬೇಡ."

ಹಿಂದಿನ ತಿಂಗಳಷ್ಟೇ ಕುಣಿಗಲ್ಲಿನ ಹುಡುಗನ ಕಡೆಯವರು ಗುಬ್ಬಿಯ ನಮ್ಮ ಮನೆಗೆ ಬಂದು, ಮದುವೆ ಗೊತ್ತಾಯಿತೆಂದು ನನಗೆ ಹೂ ಮುಡಿಸಿ, ಹಸಿರು ಸೀರೆ ಕೊಟ್ಟು ಹೋಗಿದ್ದರು. ಫೋನಿನಲ್ಲಿ ನಾನು ಸುಮ್ಮನಾದರೆ ಆ ಹುಡುಗ ತಾನೂ ಸುಮ್ಮನಿರುತ್ತಿದ್ದ. ಮಾತು ತುಂಬಿಸಲು ಹೋಗುತ್ತಿರಲಿಲ್ಲ. ಅದು ನನಗೆ ಎಷ್ಟು ಇಷ್ಟವಾಗಿತ್ತೆಂದು ಯಾರಿಗೂ ಹೇಳಿರಲಿಲ್ಲ.

ವಿಷಯ ಅವರ ಕಿವಿಗೆ ಬಿದ್ದು ಮಾನ ಹೋಗುವ ಮೊದಲೇ ಮುಗಿಸಬೇಕೆಂದು, ಅಮ್ಮ ಆ ಸಂಜೆಯೇ ಕುಣಿಗಲ್ಲಿಗೆ ಫೋನು ಮಾಡಿದಳು. ಹುಡುಗಿ ಇನ್ನೂ ಓದುತ್ತಾಳಂತೆ, ಈ ಸಂಬಂಧ ಬೇಡ ಎಂದುಬಿಟ್ಟಳು. ಆಮೇಲೆ ನನ್ನನ್ನು ತುಮಕೂರಿಗೆ, ಪರಿಚಯದವರು ಸಿಗದ ಆಸ್ಪತ್ರೆಗೆ ಕರೆದೊಯ್ದಳು. ಗರ್ಭವಿಲ್ಲ ಎಂದರು. ರಕ್ತ ಪರೀಕ್ಷೆ, ತಲೆಯ ಸ್ಕ್ಯಾನ್ ಎಂದು ಮೂರು ವಾರ ಓಡಾಡಿಸಿದರು. ಮೆದುಳಿನ ಅಡಿಯ ಪಿಟ್ಯುಟರಿ ಗ್ರಂಥಿಯಲ್ಲಿ ಸಣ್ಣ ಗಡ್ಡೆ. ಹಾಲಿನ ಹಾರ್ಮೋನನ್ನು ಅದೇ ಸುರಿಸುತ್ತಿತ್ತು.

"ಹಂಗಾದ್ರೆ ಇದು ಬೇರೆಯೋರ್ಗೂ ಬರುತ್ತಾ ಡಾಕ್ಟ್ರೇ?" ಅಮ್ಮ ಕೇಳಿದ್ದು ಅದೊಂದೇ.

"ಎಷ್ಟೋ ಜನಕ್ಕೆ ಬರುತ್ತಮ್ಮ. ಹಾರ್ಮೋನ್ ಹೆಚ್ಚು ಮಾಡೋ ಪಿಟ್ಯುಟರಿ ಗಡ್ಡೆಗಳಲ್ಲಿ ಜಾಸ್ತಿ ಕಾಣೋದೇ ಇದು. ಕ್ಯಾನ್ಸರ್ ಅಲ್ಲ. ಸಾಮಾನ್ಯವಾಗಿ ಮಾತ್ರೇಲೇ ಕುಗ್ಗುತ್ತೆ. ಸಣ್ಣ ಗಡ್ಡೆ ಇದ್ದೂ ಗೊತ್ತೇ ಆಗದೋರೂ ಇದಾರೆ."

ವಾಪಸ್ ಬರುವ ಬಸ್ಸಿನಲ್ಲಿ ಅಮ್ಮ ಕಿಟಕಿ ಕಡೆ ಮುಖ ಮಾಡಿ ಹೇಳಿದಳು: "ಅಷ್ಟು ಜನಕ್ಕೆ ಬರುತ್ತಂತೆ. ಒಬ್ರಾದ್ರೂ ಬಾಯ್ಬಿಟ್ಟು ಹೇಳಿದ್ರೆ ನಂಗೆ ಗೊತ್ತಾಗ್ತಿತ್ತಲ್ಲೇ."

ನನಗೆ ಸಮಾಧಾನವಾಗಬೇಕಿತ್ತು. ಅಷ್ಟು ಹೆಣ್ಣುಮಕ್ಕಳಲ್ಲಿ ಎಷ್ಟು ಜನರ ಕೋಣೆಯ ಬಾಗಿಲು ಹೀಗೆ ಮುಚ್ಚಿತ್ತೋ ಎಂದಷ್ಟೇ ಅನ್ನಿಸಿತು.

ಮನೆ ಸೇರಿದವಳೇ ಅಮ್ಮ ಮತ್ತೆ ಕುಣಿಗಲ್ಲಿಗೆ ಫೋನು ಮಾಡಿದಳು. ಹುಡುಗನ ತಾಯಿಯ ದನಿ ನನಗೂ ಕೇಳಿಸಿತು.

"ಬುಡಿ ಅಕ್ಕ, ನೀವೇ ತಾನೆ ಬೇಡ ಅಂದಿದ್ದು? ಮೊನ್ನೆ ಭಾನುವಾರ ಬೇರೆ ಕಡೆ ಹೂ ಮುಡಿಸ್ಕಂಡ್ ಬಂದ್ವಿ."

ಅಮ್ಮ ನನ್ನ ಮುಖ ನೋಡಲಿಲ್ಲ.

ಮರುದಿನ ಬೆಳಿಗ್ಗೆ, ಬರೀ ಹೊಟ್ಟೆಯಲ್ಲಿ ನುಂಗಬಾರದೆಂದು ಹೇಳಿದ್ದರಿಂದ, ಅಮ್ಮ ತಂದಿಟ್ಟ ಇಡ್ಲಿ ತಿಂದು ಮೊದಲ ಮಾತ್ರೆ ನುಂಗಿದೆ. ಹಸಿರು ಸೀರೆಯನ್ನು ಹಳೆಯ ಮಡಿಕೆಗಳಲ್ಲೇ ಮಡಿಸಿ, ಕುಣಿಗಲ್ಲಿಗೆ ಹಿಂದಿರುಗಿಸಲು ಕವರಿಗೆ ಹಾಕಿದೆ.