ಗೀಸರ್ ಆಕೆಯ ಕಡೆಗಿತ್ತು

ನಮ್ಮ ಮನೆಯಲ್ಲಿ ಬಾತ್‌ರೂಮು ಎರಡು, ಗೀಸರ್ ಒಂದು. ಅದು ಇರುವುದು ನನ್ನ ಗಂಡನ ಅಕ್ಕನ ಬಾತ್‌ರೂಮಿನಲ್ಲಿ. ಅಲ್ಲಿಂದ ಗೋಡೆಯೊಳಗೆ ಪೈಪು ಹಾದು ನನ್ನ ಶವರಿಗೆ ಬಿಸಿನೀರು ಬರುತ್ತದೆ. ಅಂದರೆ, ಬರುತ್ತಿತ್ತು.

ಹನ್ನೊಂದು ವರ್ಷದಿಂದ ನಾನು ಆಕೆಯ ಕೋಣೆಯೊಳಗೆ ಕಾಲಿಟ್ಟಿರಲಿಲ್ಲ, ಆಕೆ ನನ್ನ ಕೋಣೆಗೆ ಬಂದಿರಲಿಲ್ಲ. ಅಡುಗೆಮನೆಗೆ ಪಾಳಿ: ಬೆಳಿಗ್ಗೆ ಆಕೆ, ಸಂಜೆ ನಾನು. ಮಾತು ಬೇಕೇ ಬೇಕಾದರೆ ಸಾಮಾನಿನ ಕಡೆ ಮುಖ ಮಾಡಿ ಆಡುತ್ತೇವೆ. “ಹಾಲು ಮುಗದೈತಿ,” ಎಂದು ಆಕೆ ಫ್ರಿಜ್ಜಿಗೆ ಹೇಳುತ್ತಾಳೆ. “ನೋಟೆಡ್,” ಎಂದು ನಾನು ಕಿಟಕಿಗೆ ಹೇಳುತ್ತೇನೆ. ಆಕೆ ಇಲ್ಲೇ, ಗೋವಾದ ವಾಸ್ಕೋದ ಕನ್ನಡ ಶಾಲೆಯಲ್ಲಿ ಮೂವತ್ತು ವರ್ಷ ಪಾಠ ಹೇಳಿದವಳು, ಮದುವೆ ಆಗಲಿಲ್ಲ. ನಾನು ಬೆಳಗಾವಿಯ ಕಾನ್ವೆಂಟಿನ ಹುಡುಗಿ. ನಾನು ಸೊಸೆಯಾಗಿ ಬಂದ ವಾರದಲ್ಲೇ ನನಗೆ ಆಕೆ ‘ಕಾನ್ವೆಂಟು’ ಎಂದು ಹೆಸರಿಟ್ಟಳು. “ಕಾನ್ವೆಂಟು ಎದ್ದಳೇನು? ಕಾನ್ವೆಂಟು ಉಂಡಳೇನು?” ಈಗ ನಮಗಿಬ್ಬರಿಗೂ ಎಪ್ಪತ್ತು ದಾಟಿದೆ. ಹೆಸರು ಹಾಗೇ ಉಳಿದಿದೆ.

ಕಾನ್ವೆಂಟಿನ ಬೋರ್ಡಿಂಗಿನಲ್ಲಿ ನಸುಕಿಗೆ ಎದ್ದು ತಣ್ಣೀರು ಹಾಕಿಕೊಳ್ಳುತ್ತಿದ್ದೆವು. ಮೈಮೇಲೆ ಪೆಟಿಕೋಟು ಇರಲೇಬೇಕು, ಬಾಯಿ ಮುಚ್ಚಿರಬೇಕು. ಹೊರಗೆ ಸಿಸ್ಟರ್ ಕೈಗಡಿಯಾರ ನೋಡುತ್ತ ನಿಂತಿರುತ್ತಿದ್ದರು. ಈ ಫ್ಲ್ಯಾಟಿಗೆ ಬಂದ ವರ್ಷ, ಬಂದರಿನ ಆಫೀಸಿನಲ್ಲಿ ಗುಮಾಸ್ತರಾಗಿದ್ದ ನನ್ನ ಗಂಡ ಈ ಶವರ್ ಹಾಕಿಸಿದರು. “ನಿನ್ನ ಎಲುಬಿನ್ಯಾಗ ಇನ್ನೂ ಆ ಬೆಳಗಾವಿ ನೀರು ಐತಿ, ಹೋಗಲಿ ಅದು,” ಎಂದರು. ಅವರು ನನಗೆ ಬಂಗಾರ ಕೊಡಿಸಿದ್ದೂ ಉಂಟು. ನೆನಪಾಗುವುದು ಮಾತ್ರ ಶವರೇ.

ಅವರು ತೀರಿಕೊಂಡಾಗಲೂ ನಾನು ಅದರ ಕೆಳಗೇ ಇದ್ದೆ.

ಮೂರು ತಿಂಗಳು ಹಾಸಿಗೆ ಹಿಡಿದಿದ್ದರು. ಆ ಬೆಳಿಗ್ಗೆ ಅಕ್ಕ ಅವರ ಹತ್ತಿರ ಕೂತಿದ್ದಳು, ನಾನು ಸ್ನಾನಕ್ಕೆ ಹೋದೆ. ಇಪ್ಪತ್ತು ನಿಮಿಷ ಆಗಿರಬಹುದು. ಹೊರಗೆ ಬಂದಾಗ ಎಲ್ಲ ಮುಗಿದಿತ್ತು. ಬಂದವರಿಗೆಲ್ಲ ಆಕೆ ಹೇಳಿದ್ದು ಒಂದೇ ಮಾತು: “ನಾ ಬಾಗಲಾ ಬಡದೆ, ಬಡದೆ. ಆಕಿಗೆ ಕೇಳಲಿಲ್ಲ. ಒಳಗ ಶವರ್ ನಡದಿತ್ತು.” ಮಂಗೋರ್ ಹಿಲ್ ಬಡಾವಣೆಯಿಂದ ಬಂದ ಹೆಂಗಸರು, ಬಂದರಿನವರು, ಸಿಕ್ಕವರೆಲ್ಲ ಒಮ್ಮೆ ಆಕೆಯನ್ನು ನೋಡಿದರು, ಒಮ್ಮೆ ನನ್ನ ಒದ್ದೆ ತಲೆಯನ್ನು ನೋಡಿದರು. ಆಕೆ ಬಡಿಯಲೇ ಇಲ್ಲ ಎಂದು ನಾನು ಹೇಳಿದೆ. ಬಡಿದಿದ್ದರೆ ನನಗೆ ಕೇಳದೆ ಇರುತ್ತದೆಯೇ? ಅಷ್ಟು ಸಣ್ಣ ಮನೆ. ತಮ್ಮನ ಕಡೆಯ ಉಸಿರು ತನ್ನೊಬ್ಬಳಿಗೇ ಇರಲಿ ಎಂದು ಸುಮ್ಮನೆ ಕೂತಳು. ಇದನ್ನು ಆಕೆಯ ಮುಖಕ್ಕೇ ಹೇಳಿದೆ. ಆಮೇಲೆ ನಾವು ಮಾತು ಬಿಟ್ಟೆವು.

ಹೀಗಿರುವಾಗ ಹೋದ ಡಿಸೆಂಬರಿನಲ್ಲಿ ನನ್ನ ಬಿಸಿನೀರು ನಿಂತಿತು. ಮೊದಲು ಉಗುರುಬೆಚ್ಚಗೆ ಬರುತ್ತಿತ್ತು, ವಾರದೊಳಗೆ ಅದೂ ಇಲ್ಲ. ನನ್ನ ಎಡಭುಜ ಹಿಡಿದುಕೊಂಡು ವರ್ಷವಾಗಿದೆ, ಬಿಸಿನೀರು ಬೀಳದಿದ್ದರೆ ಕುಪ್ಪಸದ ತೋಳಿಗೆ ಕೈ ಹೋಗುವುದಿಲ್ಲ. ಎಲೆಕ್ಟ್ರಿಷಿಯನ್‌ನನ್ನು ಕರೆಸಿದೆ. ಅವನು ಆಕೆಯ ಕಡೆಗೆ ಹೋಗಿ ನೋಡಿ ಬಂದು, “ಗೀಸರ್ ಏಕ್‌ದಮ್ ಓಕೆ, ಆಂಟಿ. ಒಳಗೆ ನೀರು ಕುದೀತಾ ಇದೆ,” ಎಂದ.

ಅಂದರೆ ಆಕೆಯ ಕಡೆ ಕುದಿಯುತ್ತದೆ, ನನ್ನ ಕಡೆ ಬರುವುದಿಲ್ಲ. ಇದಕ್ಕೆ ಇಂಜಿನಿಯರ್ ಬೇಕೇ? ನಡುವೆ ಎಲ್ಲೋ ವಾಲ್ವ್ ಇದೆ, ಆಕೆ ಅದನ್ನು ತಿರುಗಿಸಿದ್ದಾಳೆ. ಶವರಿನ ಕೆಳಗಿದ್ದೆ ಎಂದು ಊರಿಗೆಲ್ಲ ಸಾರಿದವಳು ಈಗ ಶವರನ್ನೇ ಬಂದ್ ಮಾಡಿದ್ದಾಳೆ.

ಮಗನಿಗೆ ಫೋನ್ ಮಾಡಿದೆ. ಅವನು ಮಡ್ಕಯಿಯ ಒಂದು ಫ್ಯಾಕ್ಟರಿಯಲ್ಲಿ ಸೂಪರ್‌ವೈಸರ್, ಫೋಂಡಾದಲ್ಲಿ ಇರುತ್ತಾನೆ. ನಮ್ಮಿಬ್ಬರ ತಗಾದೆ ಕೇಳಿ ಕೇಳಿ ಅವನ ತಲೆ ನರೆತಿದೆ. “ಮಮ್ಮಿ, ಸಿಸ್ಟರ್‌ಗಳು ನಡಸೋ ಓಲ್ಡ್ ಏಜ್ ಹೋಮ್‌ನ್ಯಾಗ ಒಂದು ಬೆಡ್ ಖಾಲಿ ಆಗೇತಿ,” ಎಂದ. “ಅತ್ತಿ ಬೇಕಂತ ಹಿಂಗ ಮಾಡಾಕತ್ತಾಳ ಅಂತ ಖಾತ್ರಿ ಆಗಲಿ, ಸಂಡೇ ಬಂದು ಆಕಿನ್ನ ಕರಕೊಂಡು ಹೋಗ್ತೀನಿ. ಇಬ್ಬರೊಳಗ ಯಾರಿಗೆ ತಮ್ಮದು ತಾವು ಮಾಡಿಕೊಳ್ಳಾಕ ಆಗಂಗಿಲ್ಲೋ ಅವರಿಗಂತ ಕೇಳಿಟ್ಟಿದ್ದೆ. ಈಗ ಇದಕ್ಕ ಬಂತು.”

ಅಡುಗೆಮನೆಯಲ್ಲಿ ನಿಂತು, ಆಕೆಗೆ ಕೇಳಲೆಂದೇ ಸ್ಪೀಕರ್ ಹಾಕಿದ್ದೆ. ಆಕೆ ಅವಲಕ್ಕಿ ತೊಳೆಯುತ್ತಿದ್ದಳು, ತಲೆ ಎತ್ತಲಿಲ್ಲ.

ಶನಿವಾರ ಪ್ಲಂಬರ್ ಬಂದ. ಮಂಗೋರ್ ಹಿಲ್‌ನವನು, ನಲವತ್ತರ ಆಸುಪಾಸು, ಹೆಗಲಿಗೆ ರೆಕ್ಸಿನ್ ಚೀಲ. “ಆಂಟಿ, ಪ್ರಾಬ್ಲೆಮ್ ಕ್ಯಾ ಹೈ?” ಎಂದ. ನಾನು ಇಂಗ್ಲಿಷಿನಲ್ಲಿ ವಿವರಿಸಿದೆ. ಕೋಣೆಯ ಬಾಗಿಲಲ್ಲಿ ನಿಂತಿದ್ದ ಅಕ್ಕ ಸ್ವಿಚ್‌ಬೋರ್ಡಿಗೆ ಹೇಳಿದಳು: “ಪ್ಲಂಬರ್ ಮುಂದನೂ ಪರೀಕ್ಷಾ ಬರಿಯಾಕತ್ತಾಳ ಕಾನ್ವೆಂಟು.”

ಅವನು ನಕ್ಕುಬಿಟ್ಟ. “ಅಯ್ಯ, ನೀವು ನಮ್ಮ ಕಡೆಯವರೇನ್ರಿ? ನಾವು ಬಿಜಾಪುರದವರ್ರಿ.” ಅಲ್ಲಿಂದ ಅವನಿಗೆ ನಾವಿಬ್ಬರೂ ಅಮ್ಮಾರು.

“ಅವರ ಕಡಿ ವಾಲ್ವ್ ನೋಡಪ್ಪ,” ಎಂದೆ. “ಬಂದ್ ಆಗಿರತೈತಿ.”

“ತಡಿ,” ಎಂದಳು ಅಕ್ಕ. “ಬಚ್ಚಲಾ ಹರಡೇತಿ. ನಾ ಸ್ವಚ್ಛ ಮಾಡಿ ಕರೀತೇನಿ.” ಒಳಗೆ ಹೋಗಿ ಬಾತ್‌ರೂಮಿಗೆ ಚಿಲಕ ಹಾಕಿಕೊಂಡಳು.

“ನೋಡಿದ್ಯಾ? ತಪ್ಪು ಮುಚ್ಚಾಕ ಹೋದಳು,” ಎಂದೆ.

ಪ್ಲಂಬರ್ ಚೀಲ ಇಟ್ಟು ಹೊರಗೆ ಹೋದ. ಗೀಸರಿಗೆ ತಣ್ಣೀರು ಹೋಗುವ ಪೈಪಿನ ಕಾಕ್ ಅಲ್ಲಿ, ಪೈಪುಗಳು ಇಳಿಯುವ ಡಕ್ಟಿನಲ್ಲಿದೆ, ಅದನ್ನು ಪೂರ್ತಿ ತಿರುಗಿಸಿ ಮುಚ್ಚಿದ. “ಈಗ ಗೀಸರಿಗೆ ಒಂದು ಹನಿ ನೀರು ಹೋಗಂಗಿಲ್ರಿ. ಹೋಗದಿದ್ದರ ಹೊರಗ ಬರಂಗೂ ಇಲ್ಲ. ನಿಮ್ಮ ಬಿಸಿನೀರಿನ ನಲ್ಲಿ ಬಿಡ್ರಿ.” ಬಿಟ್ಟೆ. ಶವರ್ ಭರ್ರೆಂದು ಸುರಿಯಿತು, ತಣ್ಣಗೆ.

“ಇದು ಎಲ್ಲಿಂದ ಬಂತು ಹೇಳ್ರಿ? ವಾಲ್ವ್ ಬಂದ್ ಆಗಿದ್ದರ ಇದೂ ಬರಂಗಿಲ್ಲ. ಎಲ್ಲೋ ಒಂದು ಕಡೆ ತಣ್ಣೀರು ಬಿಸಿನೀರಿನ ಪೈಪಿನೊಳಗ ನುಗ್ಗಾಕತ್ತೈತಿ. ಇಲ್ಲಿ ಎಲ್ಲಾ ಚಲೋ ಐತ್ರಿ. ಅಮ್ಮಾರ ಬಚ್ಚಲಾ ನೋಡಬೇಕು. ಕರೀರಿ ಅವರ್ನ.”

ಹನ್ನೊಂದು ವರ್ಷದ ಮೇಲೆ ಆಕೆಯ ಕೋಣೆಯೊಳಗೆ ಹೋದೆ. ನನ್ನ ಗಂಡನ ಫೋಟೋ ನನ್ನ ಕೋಣೆಯಲ್ಲಿ ಇರುವುದಕ್ಕಿಂತ ದೊಡ್ಡದು ಇಲ್ಲಿತ್ತು. ಬಾತ್‌ರೂಮಿನ ಬಾಗಿಲಾಚೆ ನೀರಿನ ಸದ್ದು. ಬೆರಳಿನಿಂದ ಬಡಿದೆ. ಅಂಗೈಯಿಂದ ಬಡಿದೆ. “ಅಕ್ಕಾ, ಬಾಗಲಾ ತೆಗೀರಿ.” ಆಕೆಯನ್ನು ಅಕ್ಕಾ ಎಂದು ಕರೆದು ಎಷ್ಟು ಕಾಲವಾಗಿತ್ತೋ, ಅದಕ್ಕೂ ಸಿಟ್ಟು ಬಂತು. ಎರಡೂ ಕೈಯಿಂದ ಬಡಿದೆ. ಭುಜ ಚುಳ್ಳೆಂದಿತು. ನೀರು ಸುರಿಯುತ್ತಲೇ ಇತ್ತು.

ಬಿದ್ದಿದ್ದಾಳೆ ಎಂದುಕೊಂಡೆ. ಬಿದ್ದು ಸತ್ತಿದ್ದಾಳೆ, ನಾನು ಹೊರಗೆ ನಿಂತಿದ್ದೇನೆ. ನಾನು ಬಡಿದೆ ಎಂದರೆ ನಂಬುವವರು ಯಾರು? ನಿಜ ಹೇಳಬೇಕೆಂದರೆ ಮೊದಲು ಬಂದ ಯೋಚನೆ ಅದು. ಆಕೆಯ ಯೋಚನೆ ಆಮೇಲೆ ಬಂತು.

ಚಿಲಕ ಸರಿಯಿತು. ಆಕೆ ನಿಂತಿದ್ದಳು. ಸೀರೆಯ ಮುಂಭಾಗ ಪೂರ್ತಿ ಒದ್ದೆ, ಎರಡೂ ಅಂಗೈ ಕೆಂಪಗೆ.

“ಕಳ್ಳರಂಗ ಯಾಕ ನಿಂತಿ? ಬಾಗಲಾ ಬಡೀಬೇಕಿಲ್ಲೇನು?”

“ಬಡದೆ.”

“ಯಾವಾಗ ಬಡದಿ? ಸುಳ್ಳ ಹೇಳಬ್ಯಾಡ.”

“ಎರಡೂ ಕೈಲೆ ಬಡದೆ. ಒದರಿದೆ.”

“ನನಗ ಕೇಳಲಿಲ್ಲ,” ಎಂದಳು. “ಒಳಗ ನೀರು...” ಅಲ್ಲಿಗೆ ನಿಲ್ಲಿಸಿದಳು.

ಮಾತು ಎತ್ತ ಹೋಗುತ್ತಿದೆ ಎಂದು ಇಬ್ಬರಿಗೂ ಒಟ್ಟಿಗೇ ತಿಳಿಯಿತು. ಇಬ್ಬರೂ ಅಡ್ಡ ಮುಖ ಮಾಡಿದೆವು. ನಾನು ಟವೆಲ್ ಹಾಕುವ ಗೂಟ ನೋಡಿದೆ. ಆಕೆ ಏನು ನೋಡಿದಳೋ.

ಪ್ಲಂಬರ್ ನಮ್ಮ ನಡುವಿನಿಂದ ಒಳಗೆ ಹೋದ. “ಸಿಕ್ತು ನೋಡ್ರಿ,” ಎಂದ. ಗೋಡೆಗೆ ಎರಡು ದುಂಡು ನಲ್ಲಿ, ಒಂದು ಬಿಸಿಯದು, ಒಂದು ತಣ್ಣೀರಿನದು. ನಡುವೆ ಕೈಶವರಿನ ಕೊಳವೆ, ಅದರ ತುದಿಗೆ ಒತ್ತುವ ಬಟನ್ನು. “ಎರಡೂ ನಲ್ಲಿ ತೆರೆದು ಬಿಟ್ಟಾರ್ರಿ. ಬರೇ ಈ ಬಟನ್ ಬಿಟ್ಟು ನೀರು ನಿಲ್ಲಸ್ತಾರ. ಹೊರಗ ದಾರಿ ಇಲ್ಲಲ್ಲ, ಹಂಗಾಗಿ ತಣ್ಣೀರು ಈ ನಲ್ಲ್ಯಾಗಿಂದ ಆ ನಲ್ಲ್ಯಾಗ ಹೊಕ್ಕು ಸೀದಾ ನಿಮ್ಮ ಕಡೆ ಹೋಗತೈತಿ. ಸ್ನಾನ ಆದಮ್ಯಾಗ ಇವನ್ನ ತಿರುವಿ ಬಂದ್ ಮಾಡಿಬಿಡ್ರಿ ಅಮ್ಮಾರ, ಇಷ್ಟ ರಿಪೇರಿ.”

“ನೀನ ಮಾಡು,” ಎಂದಳು ಅಕ್ಕ.

“ದಿನಾ ನಾ ಬರಾಕ ಆಗತೈತೇನ್ರಿ? ಒಂದ್ ಸಲ ತಿರುವಿ ತೋರಸ್ರಿ.”

ಆಕೆ ಸೆರಗನ್ನು ಕೈಗೆ ಸುತ್ತಿ ನಲ್ಲಿ ಹಿಡಿದಳು. ಮಣಿಕಟ್ಟು ತಿರುಗಿತು, ನಲ್ಲಿ ತಿರುಗಲಿಲ್ಲ. ಸೆರಗು ತೆಗೆದು ಹಿಡಿದಳು. ಆಗ ಬೆರಳು ನೋಡಿದೆ. ಗಂಟುಗಂಟಾಗಿ ಒಂದರ ಮೇಲೊಂದು ಹತ್ತಿ ಕೂತಿದ್ದವು. ಒಂದೇ ಮನೆಯಲ್ಲಿದ್ದು ನಾನು ಆಕೆಯ ಕೈ ನೋಡಿರಲಿಲ್ಲ. ಇಷ್ಟು ಹೊತ್ತು ಒಳಗೆ ಆಕೆ ಮಾಡಿದ್ದು ಅದೇ: ನಾವು ಬರುವ ಮುಂಚೆ ನಲ್ಲಿ ಮುಚ್ಚಲು ಜಗ್ಗಾಡಿದ್ದು.

ನನಗೆ ಮೊದಲು ಆದದ್ದು ಖುಷಿ. ಕನ್ಫೆಷನ್ನಿನಲ್ಲಿ ಹೇಳಿದಂತೆ ಹೇಳುತ್ತಿದ್ದೇನೆ. ಬೇಕಂತ ಮಾಡಿದ್ದಾಳೆ ಎಂದು ಸಾಬೀತು ಮಾಡುವುದು ಕಷ್ಟವಿತ್ತು. ಇದಕ್ಕೆ ಸಾಕ್ಷಿ ಬೇಡ. ತನ್ನ ನಲ್ಲಿ ತಾನು ಮುಚ್ಚಲಾರದವಳು, ಹೋಮಿನಲ್ಲಿ ಬೆಡ್ ಖಾಲಿ.

ಆಕೆಗೂ ಅದು ತಿಳಿದಿತ್ತು. ಪ್ಲಂಬರ್ ಹೋದ ಮೇಲೆ, ಈ ಸಲ ಫ್ರಿಜ್ಜಿಗಲ್ಲ, ನನಗೇ ಹೇಳಿದಳು: “ಆತಲ್ಲ ನಿನ್ನ ಮನಸಿನಂಗ? ಹೇಳು ಮಗಗ. ಚಂದಾಗಿ ಇಂಗ್ಲಿಷಿನ್ಯಾಗ ಹೇಳು.”

“ಹೇಳ್ತೇನಿ,” ಎಂದೆ.

ಪ್ಲಂಬರ್ ಹಿಡಿ ಇರುವ ನಲ್ಲಿ ತಂದು ಹಾಕುತ್ತೇನೆ, ಮೊಣಕೈಯಿಂದ ದಬ್ಬಿದರೂ ಮುಚ್ಚುತ್ತದೆ ಎಂದಿದ್ದ. ಆಸ್ಪತ್ರೆಯಲ್ಲಿರುತ್ತವಲ್ಲ, ಅಂಥವು. ಯೋಚಿಸಿ ಹೇಳುತ್ತೇನೆ ಎಂದಿದ್ದೆ.

ಭಾನುವಾರ ಮಗ ಬಂದ. ಹೋಮಿನ ಫಾರಂ ಪ್ಲಾಸ್ಟಿಕ್ ಫೋಲ್ಡರಿನಲ್ಲಿ ತಂದಿದ್ದ. ಅಕ್ಕ ಇಸ್ತ್ರಿಯ ಸೀರೆ ಉಟ್ಟು, ಸೆರಗಿನೊಳಗೆ ಎರಡೂ ಕೈ ಮುಚ್ಚಿಕೊಂಡು ಕುರ್ಚಿಯಲ್ಲಿ ಕೂತಿದ್ದಳು. ಅವನು ಕೊಟ್ಟ ಚಹಾ ಮುಟ್ಟಲಿಲ್ಲ. ಕಪ್ಪು ಹಿಡಿದರೆ ಕಾಣುತ್ತದಲ್ಲ.

“ಏನಾಗಿತ್ತಂತ ಮಮ್ಮಿ?”

ಮಾತು ನಾಲಿಗೆಯ ಮೇಲೇ ಇತ್ತು. ಆಕೆ ನನ್ನನ್ನು ನೋಡುತ್ತಿದ್ದಳು. ತಪ್ಪು ಬರೆದ ಹುಡುಗಿಯನ್ನು ಟೀಚರ್ ನೋಡುವ ಹಾಗೆ, ಒಂದಿಷ್ಟೂ ಬೇಡಿಕೊಳ್ಳದೆ. ಬೇಡಿಕೊಂಡಿದ್ದರೆ ಹೇಳಿಬಿಡುತ್ತಿದ್ದೆನೋ ಏನೋ.

“ವಾಷರ್ ಹೋಗಿತ್ತು,” ಎಂದೆ.

“ಮತ್ತ ಅತ್ತಿ ವಾಲ್ವ್ ಬಂದ್ ಮಾಡ್ಯಾಳ ಅಂದಿ?”

“ವಾಲ್ವ್ ಇಲ್ಲೇ ಇಲ್ಲ. ಮೈ ಮಿಸ್ಟೇಕ್.”

ಅವನು ಫೋಲ್ಡರ್ ಎತ್ತಿಕೊಂಡು, ನಮ್ಮಿಬ್ಬರಿಗೂ ಸೇರಿಸಿ ಒಂದು ನಮಸ್ಕಾರ ಹಾಕಿ, ಊಟಕ್ಕೂ ನಿಲ್ಲದೆ ಹೋದ.

ಇದು ದಯೆ ಎಂದು ಯಾರೂ ತಿಳಿಯಬಾರದು. ಆಕೆಯ ಮೇಲೆ ನನಗೆ ದಯೆ ಇಲ್ಲ. ಆದರೆ ನನ್ನ ಗಂಡ ತೀರಿಕೊಂಡ ಆ ಬೆಳಿಗ್ಗೆ ಈ ಮನೆಯಲ್ಲಿ ಮೂವರಿದ್ದೆವು, ಈಗ ಉಳಿದವರು ಇಬ್ಬರು. ಆಕೆ ಹೋದರೆ, ಬಡಿದದ್ದು ಹೌದೋ ಅಲ್ಲವೋ, ಕೇಳಿಸದ್ದು ಹೌದೋ ಅಲ್ಲವೋ ಎಂದು ನಾನು ಯಾರೊಡನೆ ಜಗಳಾಡಲಿ? ಕಿಟಕಿಯೊಡನೆಯೇ?

ಹೊಸ ನಲ್ಲಿ ಬೇಡವೆಂದೆ. ಮಗ ನೋಡಿದರೆ ಯಾಕೆ ಎಂದು ಕೇಳುತ್ತಾನೆ. ಹಾಗಾಗಿ ಈಗ ದಿನಾ ಬೆಳಿಗ್ಗೆ ಆಕೆಯ ಸ್ನಾನವಾದ ಮೇಲೆ ನಾನು ಹೋಗಿ ಎರಡೂ ನಲ್ಲಿ ತಿರುವಿ ಮುಚ್ಚಿ ಬರಬೇಕು, ಆಮೇಲೆ ನನಗೆ ಬಿಸಿನೀರು; ನನ್ನ ಸ್ನಾನ ಮುಗಿದ ಮೇಲೆ, ಆಕೆಯ ಮರುದಿನದ ಸ್ನಾನಕ್ಕೆ ಮತ್ತೆ ತೆರೆದಿಟ್ಟು ಬರಬೇಕು. ಆಕೆ ಹಾಸಿಗೆಯ ಮೇಲೆ ಕೂತು, ಜಡೆ ಬಿಚ್ಚಿಕೊಂಡು, ನನ್ನ ಕೆಲಸ ಪರೀಕ್ಷಿಸುತ್ತಾಳೆ. “ಅಷ್ಟು ಜೋರ ತಿರುವಬ್ಯಾಡ, ಮುರೀತೈತಿ.” “ನೆಲಾ ಒರಸಿ ಹೋಗು, ನಿನ್ನ ಕಾಲು ಒದ್ದಿ ಅದಾವ.” ನಾನು “ಯೆಸ್ ಟೀಚರ್” ಎನ್ನುತ್ತೇನೆ. ಆಕೆಗೆ ಆ ಮಾತು ಕಂಡರಾಗದು, ಅದಕ್ಕೇ ಎನ್ನುತ್ತೇನೆ.

ಆಕೆ ಈಗ ಕೋಣೆಗೆ ಚಿಲಕ ಹಾಕುವುದಿಲ್ಲ, ಬಾಗಿಲು ಸುಮ್ಮನೆ ಮುಂದೆ ಮಾಡಿರುತ್ತಾಳೆ. ಆದರೂ ನಾನು ಬಡಿದೇ ಹೋಗುತ್ತೇನೆ. ಅಂಗೈಯಿಂದ, ನಾಲ್ಕೈದು ಸಲ, ಪಕ್ಕದ ಫ್ಲ್ಯಾಟಿಗೂ ಕೇಳುವ ಹಾಗೆ.

“ಕೇಳಸ್ತು, ಕೇಳಸ್ತು,” ಎನ್ನುತ್ತಾಳೆ ಒಳಗಿನಿಂದ. “ಬಾಗಲಾ ಮುರೀಬ್ಯಾಡ ಕಾನ್ವೆಂಟು.”