ಅವ್ವ ಎತ್ತಿದ ಕೈ

ಊರಿನ ಹೆಸರು ಹೇಳುವುದಿಲ್ಲ. ಹೇಳಿದರೆ ನನ್ನ ಸೋದರಮಾವ ಯಾರೆಂದು ಹಳಿಯಾಳದಿಂದ ಮುಂಡಗೋಡದವರೆಗೂ ಗೊತ್ತಾಗುತ್ತದೆ.

ಕಾಳಿ ಹೊಳೆಯ ನೀರಿನಿಂದ ಊರೂರಿಗೆ ಕರೆಂಟು ಹೋಗುತ್ತಿತ್ತು. ನಮ್ಮ ಓಣಿಗೆ ಮಾತ್ರ ಒಂದು ನಳ ಇರಲಿಲ್ಲ. ಹೆಂಗಸರು ಏರು ಹತ್ತಿ ಬೋರಿಗೆ ಹೋಗಿ ನೀರು ಹೊರಬೇಕಿತ್ತು. ತೊಂಬತ್ತರ ದಶಕದಲ್ಲಿ ವಾರ್ಡು ಹೆಣ್ಣುಮಕ್ಕಳಿಗೆ ಮೀಸಲಾದಾಗ ಓಣಿಯವರೆಲ್ಲ ಸೇರಿ ಅವ್ವನನ್ನು ಪುರಸಭೆಗೆ ಗೆಲ್ಲಿಸಿದರು. ಪಕ್ಕದ ವಾರ್ಡಿನಿಂದ ಅವಳ ತಮ್ಮ, ಅಂದರೆ ನನ್ನ ಮಾಮಾ, ಗೆದ್ದ. ಅಧ್ಯಕ್ಷ ಸ್ಥಾನವೂ ಆ ಸಲ ಹೆಣ್ಣುಮಕ್ಕಳಿಗೇ ಬಂತು. ಅವ್ವ ಅಧ್ಯಕ್ಷೆಯಾದರೆ ಪೈಪು ಬಂದಂತೆಯೇ ಎಂದು ಓಣಿಯೆಲ್ಲ ಕುಣಿಯಿತು.

ಅಧ್ಯಕ್ಷರನ್ನು ಆರಿಸುವವರು ಸದಸ್ಯರು. ಅವರು ಕೈತಪ್ಪದಂತೆ ಗಾಡಿ ಮಾಡಿ ಗೋವಾಕ್ಕೆ ಕರೆದೊಯ್ದು ಇಟ್ಟುಕೊಳ್ಳುವುದು ನಮ್ಮ ಕಡೆಯ ರೂಢಿ.

"ಅಕ್ಕಾ, ನೀ ಮನ್ಯಾಗ ಆರಾಮ ಇರು. ಒಬ್ಬರೂ ಜಾರದಂಗ ನಾ ನೋಡ್ಕೋತೇನಿ," ಎಂದ ಮಾಮಾ. ಅವ್ವ ಅವನ ಚೀಲದಲ್ಲಿ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಟ್ಟಳು.

ಚುನಾವಣೆಯ ದಿನ ಗಾಡಿ ನೇರ ಪುರಸಭೆಯ ಮುಂದೆ ನಿಂತಿತು. ನಾನು ಕಿಟಕಿಯ ಹೊರಗಿದ್ದೆ. ಅಧಿಕಾರಿ ಅವ್ವನ ಹೆಸರು ಹೇಳಿ, "ಒಪ್ಪಿಗಿ ಇದ್ದವರು ಕೈ ಎತ್ರಿ," ಎಂದರು. ಅವ್ವ ಎತ್ತಿದಳು. ಇನ್ನಿಬ್ಬರು ಎತ್ತಿದರು. ಮಾಮಾ ತೊಡೆಯ ಮೇಲೆ ಕೈ ಇಟ್ಟುಕೊಂಡು ಮೇಲಿನ ಫ್ಯಾನು ನೋಡುತ್ತಿದ್ದ. ಅವ್ವ ಅವನನ್ನೇ ನೋಡುತ್ತ ಕೈ ಇಳಿಸಲೇ ಇಲ್ಲ.

"ಇಳಸ್ರಿ ಅಕ್ಕಾರ, ಎಣಿಸೇವಿ," ಎಂದರು ಅಧಿಕಾರಿ.

ಎದುರಿನವಳು ಗೆದ್ದಳು. ಆಮೇಲೆ ಉಪಾಧ್ಯಕ್ಷರ ಸರದಿ. ಅವರ ಕಡೆಯಿಂದ ನಿಂತವನು ಯಾರು? ನಮ್ಮ ಮಾಮಾ! ಗೋವಾದಲ್ಲಿ ಇವನು ಕಾವಲು ಕಾದ ಚಂದ ಇದು! ನನಗೆ ಮೈಯೆಲ್ಲ ಉರಿಯಿತು. ಅಷ್ಟರಲ್ಲಿ ಅವನ ಪರವಾಗಿ ಮೊದಲು ಎದ್ದ ಕೈ ಅವ್ವನದು.

"ನಿನಗೇನ ಹುಚ್ಚ ಹಿಡದೈತೇನಬೇ?" ಎಂದು ದಾರಿಯಲ್ಲಿ ರೇಗಿದೆ.

"ಓಣಿಗೆ ನೀರು ಬರಬೇಕಲ್ಲ? ನಾಚಿಕಿಗ್ಯಾದ್ರೂ ತರ್ತಾನ ತಗೋ."

ಎಲ್ಲಿಯ ನಾಚಿಕೆ! ಅದೇ ಬೇಸಿಗೆಯಲ್ಲಿ ಪೈಪು ಬಂತು, ಮಾಮಾನ ಓಣಿಗೆ ತಿರುಗಿತು, ಅವನ ಬಾಗಿಲ ಮುಂದೆಯೇ ನಳ ಕುಳಿತಿತು. ಅಕ್ಕ ತಮ್ಮ ಕೂಡಿ ಆಟ ಹೂಡಿದರೆಂದು ನಮ್ಮ ಓಣಿಯ ಹೆಂಗಸರು ಅವ್ವನ ಜೊತೆ ಮಾತು ಬಿಟ್ಟರು. ಅವ್ವ ಒಬ್ಬಳೇ ಬೋರಿಗೆ ಹೋಗತೊಡಗಿದಳು.

ನಾಗರಪಂಚಮಿ ಹಬ್ಬಕ್ಕೆ ಅಕ್ಕನನ್ನು ತವರಿಗೆ ಕರೆಯಲು ಮಾಮಾ ಹೊಸ ಸೀರೆ ಹಿಡಿದು ಬಂದ. ಬಂದವರಿಗೆ ಮೊದಲು ತಂಬಿಗೆ ನೀರು ಕೊಡುವ ಮನೆ ನಮ್ಮದು.

"ಕೂಡ್ರಪಾ. ಮನ್ಯಾಗ ನೀರಿಲ್ಲ. ನಿಮ್ಮ ನಳದ್ದ ತರ್ತೇನಿ," ಎಂದು ಅವ್ವ ಕೊಡ ಎತ್ತಿಕೊಂಡು ಹೊರಟೇಬಿಟ್ಟಳು.

ಅವಳು ತಿರುಗಿ ಬಂದಾಗ ಜಗಲಿಯ ಮೇಲೆ ಸೀರೆ ಮಾತ್ರ ಇತ್ತು. ತಂಬಿಗೆ ತುಂಬಿ ಅವನು ಕೂತಿದ್ದ ಜಾಗದ ಮುಂದಿಟ್ಟಳು. ಪುರಸಭೆಯಲ್ಲಿ ಒಂದು ಹನಿ ಕಣ್ಣೀರು ಹಾಕದವಳು ಆಗ ಗೋಡೆಗೆ ಒರಗಿ ಅತ್ತಳು.